ಭಾವದ ಹೆಸರು ಬಿಡಿ, ಕಣ್ಣಿಗೆ ಕಾಣೋದು ಬರೀರಿ: ಎಐ ಚಿತ್ರಗಳಿಗೆ ಮೂಡ್, ಸೌಂದರ್ಯ, ಶೈಲಿ ವಿವರಿಸೋ ಸಮಗ್ರ ಮಾರ್ಗದರ್ಶಿ

ಎಐ ಟೂಲ್‌ಗೆ "ತುಂಬಾ ದುಃಖದ, ಭಾವುಕವಾದ, ಸುಂದರವಾದ, ಸಿನಿಮ್ಯಾಟಿಕ್ ಚಿತ್ರ" ಅಂತ ಬರೆದ್ರೆ ಸಾಮಾನ್ಯವಾಗಿ ಏನ್ ಬರತ್ತೆ ಗೊತ್ತಲ್ವಾ, ಕೆನ್ನೆ ಮೇಲೆ ಒಂದು ಹನಿ ಕಣ್ಣೀರಿರೋ ಚೆಂದದ ಮುಖ, ಹಿಂದೆ ಮಸುಕು ನೀಲಿ, ಎಲ್ಲೋ ಒಂದು ಮೂಲೇಲಿ ಕಿತ್ತಳೆ ಬೆಳಕು. ಚಿತ್ರ ನೀಟಾಗಿರತ್ತೆ, ಆದ್ರೆ ನೋಡಿದೋರಿಗೆ ಒಳಗೇನೂ ಆಗಲ್ಲ. ಎಷ್ಟೋ ಜನ ಇಲ್ಲಿಗೇ ಬೇಜಾರಾಗಿ "ಎಐ ಚಿತ್ರಗಳೆಲ್ಲ ಒಂದೇ ಥರ" ಅಂತ ಬಿಟ್ಬಿಡ್ತಾರೆ.

ಇದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹಳೇ ಉತ್ತರ ಇದೆ. ಸಂಸ್ಕೃತ ಕಾವ್ಯಶಾಸ್ತ್ರಜ್ಞ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನ, ಅಂದ್ರೆ ರಸ ಕೆಡಿಸೋ ತಪ್ಪುಗಳನ್ನ ಹೇಳೋವಾಗ ಮೊದಲಿಗೇ ಎತ್ಕೊಳ್ಳೋದು ಭಾವವನ್ನ, ರಸವನ್ನ ಅದರ ಹೆಸರು ಹಿಡಿದೇ ಹೇಳಿಬಿಡೋ ದೋಷವನ್ನ. ಶೋಕ ಅಂತ ಬರೆದ ಮಾತ್ರಕ್ಕೆ ಓದೋರಿಗೆ ಶೋಕ ಹುಟ್ಟಲ್ಲ, ಅದಕ್ಕೆ ವಿಭಾವ ಬೇಕು, ಅನುಭಾವ ಬೇಕು, ಅಂದ್ರೆ ಆ ಭಾವ ಹುಟ್ಟೋಕೆ ಕಾರಣವಾದ ಸನ್ನಿವೇಶ ಮತ್ತೆ ಅದು ಮೈಯಲ್ಲಿ ಕಾಣಿಸ್ಕೊಳ್ಳೋ ರೀತಿ. ಪ್ರಾಂಪ್ಟ್, ಅಂದ್ರೆ ಎಐ ಟೂಲ್‌ಗೆ ಕೊಡೋ ಬರಹದ ಸೂಚನೆ, ಬರೆಯೋದಕ್ಕೆ ಇದಕ್ಕಿಂತ ಒಳ್ಳೇ ಸೂತ್ರ ಇನ್ನೊಂದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಾಡೆಲ್ (ಟೂಲ್ ಒಳಗೆ ಚಿತ್ರ ಮಾಡೋ ಎಐ) ಕಲಿತಿರೋದು ಕೋಟಿಗಟ್ಟಲೆ ಚಿತ್ರ ಮತ್ತು ಅವುಗಳ ಕ್ಯಾಪ್ಷನ್‌ಗಳಿಂದ, "ದುಃಖ" ಅನ್ನೋ ಪದದ ಜೊತೆ ಬಂದಿರೋ ಚಿತ್ರಗಳ ಸರಾಸರಿಯನ್ನೇ ಅದು ವಾಪಸ್ ಕೊಡೋದು, ಆ ಸರಾಸರಿನೇ ಆ ಕಣ್ಣೀರಿನ ಮುಖ.

ಹಾಗಾಗಿ ಈ ಇಡೀ ಮಾರ್ಗದರ್ಶಿಯಲ್ಲಿ ನಾವು ಮಾಡೋ ಕೆಲಸ ಒಂದೇ, ಮನಸ್ಸಲ್ಲಿರೋ ಭಾವವನ್ನ ಬೆಳಕು, ಬಣ್ಣ, ದೂರ, ಗಾಳಿ, ಮೈಭಾಷೆ, ಮಾಧ್ಯಮ ಇವುಗಳಾಗಿ ಬಿಡಿಸಿ ಬರೆಯೋದು. ಉದಾಹರಣೆಗೆ ಒಂದೇ ದೃಶ್ಯ ಇಟ್ಕೊಳ್ಳೋಣ: ರೈಲ್ವೆ ಪ್ಲಾಟ್‌ಫಾರ್ಮ್ ಮೇಲೆ ಕೂತಿರೋ ಒಬ್ಬ ಮುದುಕ.

ಹಂತ 1: ಭಾವವನ್ನ ಮೊದಲು ನಿಮಗೇ ಸ್ಪಷ್ಟ ಮಾಡ್ಕೊಳ್ಳಿ

ಟೂಲ್ ಓಪನ್ ಮಾಡೋಕ್ ಮುಂಚೆ ಒಂದು ವಾಕ್ಯ ಬರ್ಕೊಳ್ಳಿ, ಇದು ಮಾಡೆಲ್‌ಗಲ್ಲ, ನಿಮಗೆ. "ದುಃಖ" ಅಂದ್ರೆ ಯಾವ ದುಃಖ? ಯಾರನ್ನೋ ಕಳಿಸಿಕೊಟ್ಟು ಆದ್ಮೇಲೆ ಉಳಿಯೋ ಖಾಲಿತನ ಬೇರೆ, ಯಾರೋ ಬರ್ತಾರೆ ಅಂತ ಕಾದು ಅವರು ಬರ್ದೇ ಇದ್ದಾಗ ಆಗೋದು ಬೇರೆ, ಪಶ್ಚಾತ್ತಾಪ ಬೇರೆ, ಬರೀ ದಣಿವು ಬೇರೆ. ಇವು ನಾಲ್ಕೂ ಬೇರೆ ಬೇರೆ ಚಿತ್ರಗಳು. ನಾವು ಎರಡನೇದನ್ನ ತಗೊಳ್ಳೋಣ, "ಬರಬೇಕಾದೋರು ಬರ್ಲಿಲ್ಲ, ಆದ್ರೂ ಎದ್ದು ಹೋಗೋಕೆ ಮನಸ್ಸಿಲ್ಲ".

ಈ ವಾಕ್ಯ ಇದ್ದ ತಕ್ಷಣ ಕಣ್ಣಿಗೆ ಕಾಣೋ ವಸ್ತುಗಳು ತಾವಾಗೇ ಬರೋಕೆ ಶುರುವಾಗ್ತವೆ. ರೈಲು ಹೊರಟುಹೋಗಿದೆ, ಪ್ಲಾಟ್‌ಫಾರ್ಮ್ ಖಾಲಿ, ಮುದುಕನ ಕೈಯಲ್ಲಿ ಪೇಪರಲ್ಲಿ ಸುತ್ತಿದ ಹೂವಿನ ಗೊಂಚಲು, ಆ ಹೂವು ಸ್ವಲ್ಪ ಬಾಡಿದೆ, ಅವನು ಹಳಿಗಳ ಕಡೆ ನೋಡ್ತಿದಾನೆ. ಗಮನಿಸಿ, ಇದರಲ್ಲಿ ಎಲ್ಲೂ ದುಃಖ ಅನ್ನೋ ಪದ ಇಲ್ಲ. ಹೂವು ವಿಭಾವದ ಕೆಲಸ ಮಾಡ್ತಿದೆ, ನೋಟ ಅನುಭಾವದ ಕೆಲಸ.

ಮೈಭಾಷೆ ಬಗ್ಗೆ ಇಲ್ಲೇ ಒಂದು ಮಾತು. ಮುಖದ ಭಾವ ಬರೆದ್ರೆ ಮಾಡೆಲ್ ಅದನ್ನ ಅತಿ ಮಾಡತ್ತೆ, ನಗು ಅಂದ್ರೆ ಹಲ್ಲೆಲ್ಲ ಕಾಣತ್ತೆ, ಸಿಟ್ಟು ಅಂದ್ರೆ ಕಿರುಚಾಟ. ಅದಕ್ಕೆ ಭುಜ, ಕೈ, ಬೆನ್ನು, ತಲೆ ವಾಲಿರೋ ರೀತಿ ಬರೀರಿ. "ಭುಜ ಇಳಿಬಿಟ್ಟು, ಮೊಣಕಾಲ ಮೇಲೆ ಕೈ ಸಡಿಲವಾಗಿಟ್ಟು, ಮುಖ ಅರ್ಧ ಆಚೆ ತಿರುಗಿದೆ" ಅಂತ ಬರೆದ್ರೆ ನೋಡೋರು ಮಿಕ್ಕಿದ್ದನ್ನ ತಾವೇ ತುಂಬ್ಕೊಳ್ತಾರೆ.

ಹಂತ 2: ಬೆಳಕು, ಇಲ್ಲಿ ಜಾಸ್ತಿ ಟೈಮ್ ಕೊಡಿ

ಒಂದೇ ಒಂದು ವಿಷಯ ಕಲೀರಿ ಅಂದ್ರೆ ನಾನು ಬೆಳಕು ಅಂತೀನಿ. ಬೇರೆ ಎಲ್ಲ ಹಾಗೇ ಇಟ್ಟು ಬರೀ ಬೆಳಕಿನ ವಾಕ್ಯ ಬದಲಾಯಿಸಿದ್ರೂ ಚಿತ್ರದ ಮೂಡ್ ಪೂರ್ತಿ ತಿರುಗಿಬಿಡತ್ತೆ.

ಬೆಳಕಿನ ಬಗ್ಗೆ ಬರೆಯೋವಾಗ ಅದು ಎಲ್ಲಿಂದ ಬರ್ತಿದೆ, ಮೆದುವಾಗಿದೆಯಾ ಚೂಪಾಗಿದೆಯಾ, ಎಷ್ಟಿದೆ, ಯಾವ ಬಣ್ಣ, ಇವಿಷ್ಟನ್ನ ಯೋಚಿಸಿ. ಪಕ್ಕದ ಕಿಟಕಿಯಿಂದ ಬರೋ ಮೆದು ಬೆಳಕು ಶಾಂತ, ಆಪ್ತ. ನೆತ್ತಿ ಮೇಲಿಂದ ಬೀಳೋ ಒಂದೇ ಬಲ್ಬು ಕಣ್ಣಿನ ಗುಳಿಗಳಲ್ಲಿ ನೆರಳು ಹಾಕತ್ತೆ, ಅಲ್ಲಿ ಸಂಶಯ ಹುಟ್ಟತ್ತೆ. ಕೆಳಗಿಂದ ಬರೋ ಬೆಳಕು ಭಯ, ಯಾಕಂದ್ರೆ ನಮ್ಮ ಕಣ್ಣಿಗೆ ಬೆಳಕು ಮೇಲಿಂದ ಬರೋದೇ ಅಭ್ಯಾಸ. ಹಿಂದಿಂದ ಬರೋ ಬೆಳಕು, ಅಂದ್ರೆ ಬ್ಯಾಕ್‌ಲೈಟು, ಅಂಚುಗಳನ್ನ ಬೆಳಗಿಸಿ ಮುಖವನ್ನ ಕತ್ತಲಲ್ಲಿಡತ್ತೆ, ಅಗಲಿಕೆಗೂ ಹೊಂದತ್ತೆ, ದೈವಿಕ ಅನ್ನಿಸೋ ದೃಶ್ಯಕ್ಕೂ ಹೊಂದತ್ತೆ.

ಪ್ರಮಾಣಕ್ಕೆ ಫೋಟೋಗ್ರಫಿಯವರ ಪದಗಳೇ ಸಾಕು. ಹೈ ಕೀ ಅಂದ್ರೆ ಚಿತ್ರದ ಬಹುಭಾಗ ತಿಳಿ, ನೆರಳು ಕಮ್ಮಿ, ಹಗುರ ಭಾವ. ಲೋ ಕೀ ಅಂದ್ರೆ ಬಹುಭಾಗ ಕತ್ತಲು. ಕಿಯಾರೊಸ್ಕೂರೊ ಅಂದ್ರೆ ಕತ್ತಲು ಬೆಳಕಿನ ಜೋರು ವಿರೋಧ, ಇಟಲಿಯ ಚಿತ್ರಕಾರ ಕರವಾಜಿಯೊ (1571–1610) ಇದನ್ನ ಎಷ್ಟು ತೀವ್ರವಾಗಿ ಬಳಸಿದ ಅಂದ್ರೆ ಆ ಪದ ಹಾಕಿದ್ರೆ ಮಾಡೆಲ್ ಆ ಕಾಲದ ಬಟ್ಟೆ, ಎಣ್ಣೆಬಣ್ಣದ ಟೆಕ್ಸ್ಚರ್ ಎಲ್ಲ ಎಳ್ಕೊಂಡು ಬರೋ ಚಾನ್ಸ್ ಇದೆ. ಬರೀ ಬೆಳಕಷ್ಟೇ ಬೇಕಿದ್ರೆ "ಕತ್ತಲ ಕೋಣೆ, ಎಡಗಡೆಯಿಂದ ಒಂದೇ ಚೂಪಾದ ಬೆಳಕು, ಬಲಭಾಗ ಪೂರ್ತಿ ನೆರಳು" ಅಂತ ಬಿಡಿಸಿ ಬರೆಯೋದು ಸೇಫು. ರೆಂಬ್ರಾಂಟ್ ಲೈಟಿಂಗ್ ಅನ್ನೋದು ಮುಖದ ನೆರಳಿನ ಕಡೆ ಕಣ್ಣಿನ ಕೆಳಗೆ ಒಂದು ಸಣ್ಣ ಬೆಳಕಿನ ತ್ರಿಕೋನ ಬೀಳೋ ಥರದ್ದು, ಪೋರ್ಟ್ರೇಟ್‌ಗೆ ಗಾಂಭೀರ್ಯ ಬೇಕಾದ್ರೆ ಚೆನ್ನಾಗಿ ಕೆಲಸ ಮಾಡತ್ತೆ.

ಬಣ್ಣದ ವಿಷಯಕ್ಕೆ ಬಂದ್ರೆ, ಮೇಣದಬತ್ತಿ ಸುಮಾರು 1900 ಕೆಲ್ವಿನ್, ಹಳೇ ಫಿಲಮೆಂಟ್ ಬಲ್ಬು 2700ರ ಆಸುಪಾಸು, ಮಧ್ಯಾಹ್ನದ ಬಿಸಿಲು 5500, ಮೋಡದ ದಿನ 6500ಕ್ಕೂ ಮೇಲೆ. ನಂಬರ್ ಏರಿದಷ್ಟೂ ಬೆಳಕು ನೀಲಿ ಕಡೆ ಹೋಗತ್ತೆ. ಆದ್ರೆ ಪ್ರಾಂಪ್ಟ್‌ನಲ್ಲಿ ಕೆಲ್ವಿನ್ ನಂಬರ್‌ಗಿಂತ ಬೆಳಕಿನ ಮೂಲದ ಹೆಸರು ಹೇಳೋದೇ ಜಾಸ್ತಿ ಪರಿಣಾಮ ಬೀರತ್ತೆ, "ಮೇಣದಬತ್ತಿ ಬೆಳಕು", "ಹಸಿರು ಛಾಯೆಯ ಟ್ಯೂಬ್‌ಲೈಟು", "ಸೋಡಿಯಂ ಬೀದಿದೀಪದ ಹಳದಿ" ಹೀಗೆ. ನಂಬರ್ ಗೊತ್ತಿದ್ರೆ ನಿಮಗೆ ಲಾಭ ಏನಂದ್ರೆ ಎರಡು ಬೆಳಕನ್ನ ಎದುರುಬದುರು ಇಡೋದು ಸುಲಭ ಆಗತ್ತೆ, ಸಂಜೆಯ ತಣ್ಣನೆ ನೀಲಿ ಹೊರಗೆ, ಒಳಗೆ ಬೆಚ್ಚನೆ ಬಲ್ಬು. ಈ ಒಂದು ಜೋಡಿಯಲ್ಲೇ ಎಷ್ಟೊಂದು ಒಂಟಿತನ ಇದೆ ನೋಡಿ.

ನಮ್ಮ ಮುದುಕನಿಗೆ: "ಸೂರ್ಯ ಮುಳುಗಿ ಪೂರ್ತಿ ಕತ್ತಲಾಗೋಕ್ ಮುಂಚಿನ ನೀಲಿ ಬೆಳಕು, ದೂರದಲ್ಲಿ ಒಂದೇ ಒಂದು ಹಳದಿ ದೀಪ, ಅದರ ಬೆಳಕು ಬೆಂಚಿನವರೆಗೆ ಮುಟ್ಟಲ್ಲ". ಇದೇ ದೃಶ್ಯಕ್ಕೆ "ಮುಂಜಾವಿನ ಎಳೆಬಿಸಿಲು ಹಳಿಗಳುದ್ದಕ್ಕೂ ಅಡ್ಡಡ್ಡ ಬಿದ್ದಿದೆ, ಮುದುಕನ ಮುಖಕ್ಕೆ ನೇರ ಬೆಳಕು" ಅಂತ ಹಾಕಿ, ಹೂವು ತಾಜಾ ಅಂತ ಬದಲಾಯಿಸಿ, ಅದು ಈಗ ಆಸೆಯಿಂದ ಕಾಯ್ತಿರೋ ಮನುಷ್ಯನ ಚಿತ್ರ.

ಹಂತ 3: ಬಣ್ಣ

ಬಣ್ಣದಲ್ಲಿ ಜನ ಮಾಡೋದು ಒಂದಾ ಏನೂ ಹೇಳದೇ ಬಿಡೋದು, ಇಲ್ಲಾ ಆರೇಳು ಬಣ್ಣ ಹೇಳೋದು. ಎರಡೋ ಮೂರೋ ಬಣ್ಣ ಹೇಳಿ, ಯಾವುದು ಎಷ್ಟು ಅಂತಾನೂ ಹೇಳಿ. "ಹೆಚ್ಚಿನ ಭಾಗ ಬೂದುನೀಲಿ, ಸ್ವಲ್ಪ ಕಂದು, ಹೂವಿನಲ್ಲಿ ಮಾತ್ರ ಮಾಸಿದ ಕೆಂಪು". ಹೀಗೆ ಬರೆದ್ರೆ ಕಣ್ಣು ಸೀದಾ ಹೂವಿನ ಮೇಲೆ ಹೋಗತ್ತೆ, ಮತ್ತೆ "ಹೂವೇ ಮುಖ್ಯ" ಅಂತ ಬೇರೆ ಬರೆಯೋ ಅವಶ್ಯಕತೆ ಇಲ್ಲ.

ಬಣ್ಣದ ಹೆಸರಿಗಿಂತಲೂ ಅದರ ಗಾಢತೆ ಮೂಡ್‌ನ ಹಿಡಿಯತ್ತೆ. ಮಾಸಿದ, ಪುಡಿಪುಡಿ ಬಣ್ಣ ನೆನಪಿನ ಥರ, ಕಡುಬಣ್ಣ ಈಗಷ್ಟೇ ನಡೀತಿರೋ ಥರ. ಬಣ್ಣ ಆರಿಸೋಕೆ ದಾರಿ ಕಾಣ್ಲಿಲ್ಲ ಅಂದ್ರೆ ನಾಟ್ಯಶಾಸ್ತ್ರದಲ್ಲೇ ರಸಕ್ಕೊಂದು ಬಣ್ಣ ಹೇಳಿದೆ, ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಕರುಣಕ್ಕೆ ಪಾರಿವಾಳದ ಬೂದು ಅನ್ನೋದು ಎಷ್ಟು ನಿಖರ ಅಂದ್ರೆ, ಅದನ್ನ ಹಾಗೇ ಪ್ರಾಂಪ್ಟಿಗೆ ಹಾಕ್ಬಹುದು, ಬರೀ "ಬೂದು" ಅನ್ನೋದಕ್ಕಿಂತ ಮೆದುವಾದ, ಸ್ವಲ್ಪ ನೇರಳೆ ಛಾಯೆ ಇರೋ ಬೂದು ಸಿಗತ್ತೆ. ಇದನ್ನ ಕಡ್ಡಾಯ ನಿಯಮ ಅಂತ ತಗೋಬೇಡಿ, ಶುರು ಮಾಡೋಕೆ ಒಂದು ಜಾಗ ಅಷ್ಟೆ.

ನೀಲಿ ಮತ್ತು ಕಿತ್ತಳೆ ಜೋಡಿನ ಮಾಡೆಲ್‌ಗಳು ಕೇಳದೇನೇ ಹಾಕ್ತವೆ, "ಸಿನಿಮ್ಯಾಟಿಕ್" ಅಂದ ತಕ್ಷಣ ಅದೇ ಬರತ್ತೆ. ನಿಮಗೆ ಬೇಡ ಅಂದ್ರೆ ನಿಮ್ಮ ಬಣ್ಣಗಳನ್ನ ಖಚಿತವಾಗಿ ಹೇಳೋದೇ ಅದನ್ನ ತಡೆಯೋ ದಾರಿ.

ಹಂತ 4: ದೂರ, ಕೋನ, ಖಾಲಿ ಜಾಗ

ಒಂಟಿತನ ಬೇಕು ಅಂದ್ರೆ ಮನುಷ್ಯನನ್ನ ಚಿಕ್ಕದು ಮಾಡಿ. "ಫ್ರೇಮಿನ ಕೆಳಗಿನ ಬಲಮೂಲೆಯಲ್ಲಿ ಚಿಕ್ಕದಾಗಿ ಮುದುಕ, ಮಿಕ್ಕಿದ್ದೆಲ್ಲ ಖಾಲಿ ಪ್ಲಾಟ್‌ಫಾರ್ಮು ಮತ್ತು ಆಕಾಶ" ಅಂತ ಸ್ಪಷ್ಟವಾಗಿ ಬರೀಲೇಬೇಕು, ಯಾಕಂದ್ರೆ ಹೇಳದೇ ಇದ್ರೆ ಮಾಡೆಲ್ ವಿಷಯವನ್ನ ಮಧ್ಯದಲ್ಲಿ ದೊಡ್ಡದಾಗಿ ತಂದು ಕೂರಿಸತ್ತೆ. ಕ್ಯಾಮೆರಾ ಕೆಳಗಿಂದ ನೋಡಿದ್ರೆ ವ್ಯಕ್ತಿಗೆ ಬಲ, ಮೇಲಿಂದ ನೋಡಿದ್ರೆ ಅಸಹಾಯಕತೆ, ಕಣ್ಣಿನ ಮಟ್ಟದಲ್ಲಿದ್ರೆ ಸಮಾನತೆ. ಕರಾರುವಾಕ್ಕಾದ ಸಿಮೆಟ್ರಿ ಇದ್ರೆ ಶಿಸ್ತು, ಕೆಲವೊಮ್ಮೆ ಒಂಥರಾ ಅಹಿತಕರ ತಣ್ಣಗಿನ ಭಾವ.

ಫೋಟೋ ಥರ ಬೇಕಾದ್ರೆ ಲೆನ್ಸ್ ಹೇಳಿ. 24 ಎಂಎಂ ಅಂದ್ರೆ ಜಾಗ ವಿಶಾಲ, ಹತ್ತಿರದ್ದು ಹಿಗ್ಗಿದ ಹಾಗೆ. 50 ಎಂಎಂ ಸಹಜ. 85 ಎಂಎಂ ಜೊತೆ ಎಫ್ 1.8 (ಲೆನ್ಸ್ ಎಷ್ಟು ತೆರೆದಿದೆ ಅನ್ನೋ ಅಳತೆ, ನಂಬರ್ ಚಿಕ್ಕದಾದಷ್ಟೂ ಹೆಚ್ಚು ತೆರೆದಿರತ್ತೆ) ಅಂದ್ರೆ ಮುಖ ಸ್ಪಷ್ಟ, ಹಿನ್ನೆಲೆ ಕರಗಿಹೋಗಿರತ್ತೆ, ಆಪ್ತತೆಗೆ ಸರಿ. ಸುತ್ತಮುತ್ತಲಿನ ಜಾಗವೇ ಕತೆ ಹೇಳ್ಬೇಕು ಅಂತಿದ್ರೆ ಎಫ್ 11, ಎಲ್ಲವೂ ಶಾರ್ಪ್. ಮಾಡೆಲ್ ನಿಜವಾದ ಆಪ್ಟಿಕ್ಸ್ ಲೆಕ್ಕ ಹಾಕಲ್ಲ, ಆ ನಂಬರ್ ಇದ್ದ ಫೋಟೋಗಳ ಲಕ್ಷಣ ನೆನಪಿಸ್ಕೊಳ್ಳತ್ತೆ, ಹಾಗಾಗಿ ನೀರುಬಣ್ಣದ ಚಿತ್ರಕ್ಕೆ 85 ಎಂಎಂ ಅಂತ ಬರೀಬೇಡಿ, ಅರ್ಧ ಫೋಟೋ ಅರ್ಧ ಪೇಂಟಿಂಗ್ ಆಗಿ ಬರತ್ತೆ. ಚಿತ್ರದ ಅಗಲ-ಎತ್ತರದ ಅನುಪಾತನೂ ಮೂಡೇ, 21:9 ಅಗಲ ಫ್ರೇಮು ದೂರವನ್ನ ಹೇಳತ್ತೆ, 4:5 ಮನುಷ್ಯನನ್ನ ಹತ್ರ ತರತ್ತೆ.

ಗಾಳಿ, ಹವೆ ಕೂಡ ಇಲ್ಲೇ ಸೇರಿಸ್ಕೊಳ್ಳಿ: ಮಂಜು, ಧೂಳು, ಮಳೆ ನಿಂತ ಮೇಲಿನ ಒದ್ದೆ ನೆಲ. ಒದ್ದೆ ನೆಲ ಬೆಳಕನ್ನ ಪ್ರತಿಫಲಿಸೋದ್ರಿಂದ ಒಂದೇ ಪದಕ್ಕೆ ದೃಶ್ಯ ತುಂಬಿಕೊಳ್ಳತ್ತೆ.

ಹಂತ 5: ಶೈಲಿ ಅಂದ್ರೆ ಮಾಧ್ಯಮ, ಕಾಲ, ಕೈ

"ಆರ್ಟಿಸ್ಟಿಕ್ ಸ್ಟೈಲ್" ಅಂತ ಬರೆದ್ರೆ ಅದಕ್ಕೆ ಅರ್ಥವೇ ಇಲ್ಲ. ಶೈಲಿ ಹೇಳೋಕೆ ಮೂರು ಪ್ರಶ್ನೆ ಕೇಳ್ಕೊಳ್ಳಿ, ಯಾವುದರಲ್ಲಿ ಮಾಡಿದ್ದು, ಯಾವ ಕಾಲದ್ದು ಅಥವಾ ಪರಂಪರೆಯದ್ದು, ಕೈ ಹೇಗೆ ಓಡಿದೆ.

ಮಾಧ್ಯಮದಿಂದ ಶುರು ಮಾಡಿ. ನೀರುಬಣ್ಣ ಅಂದ್ರೆ ಸಾಲದು, "ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ, ಅಂಚುಗಳು ಹರಡಿವೆ, ಕಾಗದದ ಬಿಳಿ ಅಲ್ಲಲ್ಲಿ ಉಳಿದಿದೆ" ಅಂದ್ರೆ ಸಿಗೋ ಚಿತ್ರವೇ ಬೇರೆ. ಎಣ್ಣೆಬಣ್ಣದಲ್ಲಿ ಇಂಪಾಸ್ಟೊ ಅಂದ್ರೆ ದಪ್ಪ ಬಣ್ಣ, ಬ್ರಷ್ಷಿನ ಗುರುತು ಎದ್ದು ಕಾಣತ್ತೆ, ಗ್ಲೇಜ್ ಅಂದ್ರೆ ತೆಳು ಪದರಗಳು, ಒಳಗಿಂದ ಹೊಳಪು. ಗ್ವಾಶ್, ಅಂದ್ರೆ ಕೆಳಗಿನ ಕಾಗದ ಕಾಣದ ಹಾಗೆ ಮುಚ್ಚೋ ನೀರುಬಣ್ಣ, ಹೊಳಪಿಲ್ಲದೇ ಚಪ್ಪಟೆಯಾಗಿರತ್ತೆ. ಇದ್ದಿಲು ಮಸುಕಾಗಿ ಒರೆಸಿದ ನೆರಳು ಕೊಡತ್ತೆ. ಪೆನ್ ಮತ್ತು ಇಂಕಿನಲ್ಲಿ ಕ್ರಾಸ್‌ಹ್ಯಾಚಿಂಗ್ ಕೇಳಿದ್ರೆ ಗೆರೆ ಮೇಲೆ ಗೆರೆ ಹಾಕಿದ ನೆರಳು. ಲಿನೊಕಟ್‌ನಲ್ಲಿ ಕೊರೆದ ಗುರುತು, ಗಟ್ಟಿ ಕಪ್ಪುಬಿಳುಪು. ರಿಸೋಗ್ರಾಫ್ ಪ್ರಿಂಟ್ ಅಂದ್ರೆ ಎರಡು ಮೂರು ಬಣ್ಣ, ಒಂದರ ಮೇಲೊಂದು ಸ್ವಲ್ಪ ತಪ್ಪಿ ಕೂತಿರತ್ತೆ. ಸಯನೋಟೈಪ್, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಪ್ರಿಂಟಿಂಗ್ ವಿಧಾನ, ಇಡೀ ಚಿತ್ರವನ್ನ ಕಡುನೀಲಿ ಬಿಳಿಯಲ್ಲಿ ಕೊಡತ್ತೆ, ನಮ್ಮ ಪ್ಲಾಟ್‌ಫಾರ್ಮ್ ದೃಶ್ಯಕ್ಕೆ ಇದನ್ನೂ ಒಮ್ಮೆ ಟ್ರೈ ಮಾಡಿ. ಫೋಟೋ ಆದ್ರೆ ಫಿಲ್ಮ್ ಹೆಸರು ಹೇಳ್ಬಹುದು, ಕೊಡಾಕ್ರೋಮ್ (1935ರಿಂದ 2009ರವರೆಗೆ ತಯಾರಾಗ್ತಿತ್ತು) ಅಂದ್ರೆ ಗಾಢ ಕೆಂಪು ಮತ್ತು ಹಳೇ ಕಾಲದ ಘಮ, ಟ್ರೈ-ಎಕ್ಸ್ ಅಂದ್ರೆ ಕಾಳುಕಾಳಾದ ಕಪ್ಪುಬಿಳುಪು.

ಕಾಲ, ಪರಂಪರೆ. ಇಂಪ್ರೆಷನಿಸಂ (1874ರಲ್ಲಿ ಪ್ಯಾರಿಸ್‌ನಲ್ಲಿ ಇವರ ಮೊದಲ ಪ್ರದರ್ಶನ) ಅಂದ್ರೆ ತುಂಡು ತುಂಡು ಬ್ರಷ್ ಏಟು, ಆ ಕ್ಷಣದ ಬೆಳಕು. ಎಕ್ಸ್‌ಪ್ರೆಷನಿಸಂ ಅಂದ್ರೆ ಒಳಗಿನ ತಳಮಳಕ್ಕೆ ಹೊರಗಿನ ಆಕಾರವೇ ಬಾಗಿರತ್ತೆ. ಆರ್ಟ್ ನೂವೊ ಬಳ್ಳಿಯಂಥ ಗೆರೆ, ಆರ್ಟ್ ಡೆಕೊ 1920–30ರ ಜ್ಯಾಮಿತಿ ಮತ್ತು ಲೋಹದ ಹೊಳಪು, ಬೌಹೌಸ್ (1919–1933) ಅಲಂಕಾರ ಇಲ್ಲದ ಸರಳ ಆಕಾರ. ಜಪಾನಿನ ಉಕಿಯೊ-ಎ ಮರದಚ್ಚು ಅಂದ್ರೆ ಸ್ಪಷ್ಟ ಹೊರಗೆರೆ, ಚಪ್ಪಟೆ ಬಣ್ಣ, ಮೇಲಿಂದ ಕೆಳಕ್ಕೆ ಕರಗೋ ಆಕಾಶ. ಮೊಘಲ್ ಮಿನಿಯೇಚರ್ ಅಂದ್ರೆ ಕೂದಲೆಳೆಯಂಥ ಗೆರೆ, ಅಲಂಕೃತ ಅಂಚು. ಈ ಹೆಸರುಗಳಲ್ಲಿ ಒಂದು ಅಪಾಯ ಇದೆ, ಅವು ಬರೀ ಶೈಲಿ ತರಲ್ಲ, ಜೊತೆಗೆ ವಸ್ತುಗಳನ್ನೂ ತರ್ತವೆ. ಉಕಿಯೊ-ಎ ಅಂದ್ರೆ ಮುದುಕನಿಗೆ ಕಿಮೊನೊ ಬರತ್ತೆ, ಪಕ್ಕದಲ್ಲಿ ಅಲೆ ಬಂದ್ರೂ ಆಶ್ಚರ್ಯ ಇಲ್ಲ. ವೇಪರ್‌ವೇವ್, ಕಾಟೇಜ್‌ಕೋರ್, ಸೈಬರ್‌ಪಂಕ್ ಥರದ ಇಂಟರ್ನೆಟ್ ಪದಗಳಂತೂ ಪೂರ್ತಿ ರೆಡಿಮೇಡ್ ಸೆಟ್ಟು, ನಿಮ್ಮ ವಿಷಯವನ್ನ ನುಂಗಿಹಾಕ್ತವೆ. ಅದಕ್ಕೇ ಹೆಸರು ಹಾಕಿದ್ರೂ ಅದರ ಜೊತೆ ನಿಮ್ಮ ವಸ್ತುಗಳನ್ನ, "ಕೋಟು, ಆಧುನಿಕ ರೈಲ್ವೆ ಪ್ಲಾಟ್‌ಫಾರ್ಮು" ಅಂತ ಗಟ್ಟಿಯಾಗಿ ಬರೀರಿ, ಇಲ್ಲಾ ಹೆಸರನ್ನ ಬಿಟ್ಟು ಲಕ್ಷಣ ಮಾತ್ರ ಬರೀರಿ.

ಕಲಾವಿದರ ಹೆಸರಿನ ಬಗ್ಗೆ ನನ್ನ ನಿಲುವು ಸ್ಪಷ್ಟ: ಬದುಕಿರೋ, ಅದೇ ಕೆಲಸದಿಂದ ಹೊಟ್ಟೆ ಹೊರ್ಕೊಳ್ತಿರೋ ಕಲಾವಿದರ ಹೆಸರು ಹಾಕಿ ಅವರ ಕೈಯನ್ನ ನಕಲು ಮಾಡಿಸ್ಬೇಡಿ. ಡಾಲ್-ಇ 3 ಅನ್ನೋ ಚಿತ್ರದ ಮಾಡೆಲ್ ಬಂದಾಗಲೇ ಅದನ್ನ ಮಾಡಿದ ಓಪನ್‌ಎಐ ಅಂಥ ಪ್ರಾಂಪ್ಟ್‌ಗಳನ್ನ ನಿರಾಕರಿಸೋ ಹಾಗೆ ಮಾಡಿತ್ತು. ನೈತಿಕತೆ ಒಂದು ಕಡೆ ಇರ್ಲಿ, ನಿಮಗೂ ಇದು ನಷ್ಟ, ಯಾಕಂದ್ರೆ ಅವರ ಚಿತ್ರದಲ್ಲಿ ನಿಮಗೆ ಇಷ್ಟ ಆಗಿದ್ದು ಏನು ಅಂತ ನೀವು ಕಲಿಯೋದೇ ಇಲ್ಲ. ಇಷ್ಟವಾದ ಚಿತ್ರ ಎದುರಿಗಿಟ್ಕೊಂಡು ಬೆಳಕು, ಬಣ್ಣ, ಅಂಚು, ಖಾಲಿ ಜಾಗ ಒಂದೊಂದೇ ಬಿಡಿಸಿ ಬರೆದು ನೋಡಿ, ಈ ಅಭ್ಯಾಸದಿಂದ ಸಿಗೋ ಪದಸಂಪತ್ತು ಬೇರೆ ಎಲ್ಲೂ ಸಿಗಲ್ಲ.

ಹಂತ 6: ಜೋಡಿಸೋದು

ಮೊದಲು ಯಾರು, ಏನು ಮಾಡ್ತಿದಾರೆ, ಎಲ್ಲಿ, ಆಮೇಲೆ ಫ್ರೇಮು, ಬೆಳಕು, ಬಣ್ಣ, ಕೊನೆಗೆ ಮಾಧ್ಯಮ. ಶೈಲಿನೇ ಮುಖ್ಯ ಅಂದ್ರೆ ಮಾಧ್ಯಮವನ್ನ ಮೊದಲಿಗೆ ತನ್ನಿ. ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರದ ಮಾಡೆಲ್‌ನ ಹಳೇ ಆವೃತ್ತಿಗಳಲ್ಲಿ ಪ್ರಾಂಪ್ಟ್ ಓದೋ ಕ್ಲಿಪ್ ಅನ್ನೋ ಭಾಗ ಒಂದ್ಸಲಕ್ಕೆ 77 ಟೋಕನ್ (ಪದ ಅಥವಾ ಪದದ ತುಂಡು) ಮಾತ್ರ ಓದತ್ತೆ, ಅದರಲ್ಲೂ ಶುರು ಮತ್ತು ಕೊನೆಯ ಗುರುತಿಗೆ 2 ಹೋಗತ್ತೆ. ಅಲ್ಲಿ ಚಿಕ್ಕ ಚಿಕ್ಕ ಪದಗುಚ್ಛ ಒಳ್ಳೇದು. ಫ್ಲಕ್ಸ್, ಚಾಟ್‌ಜಿಪಿಟಿ, ಜೆಮಿನಿ ಥರದವು ಪೂರ್ತಿ ವಾಕ್ಯ ಚೆನ್ನಾಗಿ ಅರ್ಥ ಮಾಡ್ಕೊಳ್ತವೆ, ಅವಕ್ಕೆ ಎದುರಿಗಿರೋ ಮನುಷ್ಯನಿಗೆ ಹೇಳೋ ಹಾಗೆ ಬರೀರಿ. ಚಾಟ್‌ಜಿಪಿಟಿ, ಜೆಮಿನಿಗೆ ಕನ್ನಡದಲ್ಲೇ ಬರೀಬಹುದು, ಮಿಕ್ಕ ಹಲವಕ್ಕೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡೋದೇ ವಾಸಿ, ತರಬೇತಿಯ ಕ್ಯಾಪ್ಷನ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿದ್ವು.

ನಮ್ಮ ಉದಾಹರಣೆ ಈಗ ಹೀಗಾಯ್ತು: "ಒದ್ದೆ ಕಾಗದದ ಮೇಲೆ ಮಾಡಿದ ನೀರುಬಣ್ಣದ ಚಿತ್ರ. ಖಾಲಿ ರೈಲ್ವೆ ಪ್ಲಾಟ್‌ಫಾರ್ಮು, ಕೆಳಗಿನ ಬಲಮೂಲೆಯಲ್ಲಿ ಬೆಂಚಿನ ತುದಿಗೆ ಕೂತ ಮುದುಕ, ಚಿಕ್ಕದಾಗಿ ಕಾಣ್ತಾನೆ, ಭುಜ ಇಳಿಬಿಟ್ಟಿದಾನೆ, ಮುಖ ಹಳಿಗಳ ಕಡೆ ತಿರುಗಿದೆ, ಮೊಣಕಾಲ ಮೇಲೆ ಪೇಪರಲ್ಲಿ ಸುತ್ತಿದ ಬಾಡಿದ ಹೂಗಳು. ಮುಸ್ಸಂಜೆಯ ನೀಲಿ ಬೆಳಕು, ದೂರದಲ್ಲಿ ಒಂದು ಹಳದಿ ದೀಪ, ಒದ್ದೆ ನೆಲದ ಮೇಲೆ ಅದರ ಪ್ರತಿಫಲನ. ಪಾರಿವಾಳದ ಬೂದು, ಬೂದುನೀಲಿ, ಹೂವಿನಲ್ಲಿ ಮಾತ್ರ ಮಾಸಿದ ಕೆಂಪು. ಅಂಚುಗಳು ಹರಡಿವೆ, ಕಾಗದದ ಬಿಳಿ ಅಲ್ಲಲ್ಲಿ ಕಾಣತ್ತೆ. ಅಗಲ ಫ್ರೇಮು."

"ಮಾಸ್ಟರ್‌ಪೀಸ್, 8ಕೆ, ಅಲ್ಟ್ರಾ ಡೀಟೇಲ್ಡ್" ಇವನ್ನ ತೆಗೆದುಹಾಕಿ. ನೀರುಬಣ್ಣಕ್ಕೆ 8ಕೆ ಅಂದ್ರೆ ಆ ಮಸುಕು ಅಂಚೇ ಹಾಳಾಗತ್ತೆ. ಬೇಡದ್ದನ್ನ "ಜನ ಇರಬಾರದು" ಅಂತ ಬರೆದ್ರೆ ಹಲವು ಮಾಡೆಲ್ "ಜನ" ಅನ್ನೋದನ್ನ ಮಾತ್ರ ಹಿಡ್ಕೊಂಡು ಜನರನ್ನೇ ತರತ್ತೆ, "ಖಾಲಿ" ಅಂತ ಬರೀರಿ, ಅಥವಾ ಬೇಡದ್ದನ್ನ ಬೇರೆಯಾಗಿ ಹೇಳೋಕಿರೋ ಸ್ಟೇಬಲ್ ಡಿಫ್ಯೂಷನ್‌ನ ನೆಗೆಟಿವ್ ಪ್ರಾಂಪ್ಟ್, ಇಲ್ಲಾ ಮಿಡ್‌ಜರ್ನಿ ಅನ್ನೋ ಟೂಲ್‌ನ ನೋ (--no) ಪ್ಯಾರಾಮೀಟರ್ ಬಳಸಿ.

ಹಂತ 7: ತಿದ್ದೋದು

ಮೊದಲ ಚಿತ್ರ ಸರಿ ಬರ್ಲಿಲ್ಲ ಅಂತ ಇಡೀ ಪ್ರಾಂಪ್ಟ್ ಬದಲಾಯಿಸ್ಬೇಡಿ, ಯಾವ ಪದ ಏನು ಮಾಡ್ತು ಅಂತ ಗೊತ್ತೇ ಆಗಲ್ಲ. ಟೂಲ್‌ನಲ್ಲಿ ಸೀಡ್ ನಂಬರ್ (ಚಿತ್ರ ಯಾವ ಆರಂಭದಿಂದ ಹುಟ್ಟತ್ತೆ ಅಂತ ಗುರುತಿಸೋ ಸಂಖ್ಯೆ) ಇದ್ರೆ ಅದನ್ನ ಲಾಕ್ ಮಾಡಿ, ಒಂದ್ಸಲಕ್ಕೆ ಒಂದೇ ವಿಷಯ ಬದಲಾಯಿಸಿ, ಮೊದಲು ಬೆಳಕು, ಆಮೇಲೆ ಫ್ರೇಮು.

ಚಿತ್ರ ಪ್ಲಾಸ್ಟಿಕ್ ಥರ ನುಣುಪಾಗಿದ್ರೆ ಮಿಡ್‌ಜರ್ನಿಯಲ್ಲಿ ಸ್ಟೈಲೈಜ್, ಅಂದ್ರೆ ಟೂಲ್ ತನ್ನದೇ ಅಲಂಕಾರ ಎಷ್ಟು ಸೇರಿಸ್ಬೇಕು ಅನ್ನೋ ಸೆಟ್ಟಿಂಗ್, ಇಳಿಸಿ (0ರಿಂದ 1000, ಡಿಫಾಲ್ಟ್ 100), ವಸ್ತುಗಳ ಮೇಲ್ಮೈ ಹೇಗಿದೆ ಅಂತ ಸೇರಿಸಿ, "ಸವೆದ ಕಾಲರ್, ಸಿಪ್ಪೆ ಎದ್ದ ಬೆಂಚಿನ ಪೇಂಟು". ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಬಣ್ಣ ಉರಿದುಹೋದ ಹಾಗಿದ್ರೆ ಸಿಎಫ್‌ಜಿ (ಪ್ರಾಂಪ್ಟನ್ನ ಎಷ್ಟು ಬಿಗಿಯಾಗಿ ಪಾಲಿಸ್ಬೇಕು ಅನ್ನೋ ಸೆಟ್ಟಿಂಗ್) ಜಾಸ್ತಿಯಾಗಿದೆ ಅಂತ, 7ರ ಹತ್ರ ತನ್ನಿ. ಮುಖ ನಾಟಕ ಮಾಡ್ತಿದ್ರೆ ಮುಖವನ್ನ ಆಚೆ ತಿರುಗಿಸಿ. ಮೂಡ್ ಒಂದು ಹೇಳ್ತಿದೆ, ಶೈಲಿ ಇನ್ನೊಂದು ಹೇಳ್ತಿದೆ ಅನ್ನಿಸಿದ್ರೆ, ಉದಾಹರಣೆಗೆ ಪಾಪ್ ಆರ್ಟ್‌ನ ಕಡುಬಣ್ಣದಲ್ಲಿ ಕೊರಗು, ಅದು ನೀವು ಬೇಕಂತಲೇ ಇಟ್ಟ ವಿರೋಧವಾ ಅಂತ ಕೇಳ್ಕೊಳ್ಳಿ. ಬೇಕಂತಲೇ ಆದ್ರೆ ಉಳಿಸಿ, ಅದು ತುಂಬಾ ಶಕ್ತಿಯುತ, ಇಲ್ಲಾಂದ್ರೆ ಒಂದನ್ನ ಬಿಡಿ.

ಒಂದೇ ಕತೆಗೆ ಹಲವು ಚಿತ್ರ ಬೇಕಿದ್ರೆ ಬಣ್ಣ, ಮಾಧ್ಯಮ, ಅಂಚಿನ ವಾಕ್ಯಗಳನ್ನ ಒಂದು ಪ್ಯಾರಾ ಮಾಡಿ ಬೇರೆ ನೋಟ್‌ನಲ್ಲಿ ಇಟ್ಕೊಳ್ಳಿ, ಪ್ರತಿ ಪ್ರಾಂಪ್ಟಿಗೂ ಅಕ್ಷರಶಃ ಅದೇ ಹಾಕಿ, ವಿಷಯ ಮತ್ತು ಬೆಳಕು ಮಾತ್ರ ದೃಶ್ಯಕ್ಕೆ ತಕ್ಕ ಹಾಗೆ ಬದಲಾಯಿಸಿ. ಮಿಡ್‌ಜರ್ನಿಯಲ್ಲಿ ಮೊದಲ ಒಳ್ಳೇ ಚಿತ್ರವನ್ನೇ ಸ್ಟೈಲ್ ರೆಫರೆನ್ಸ್ ಆಗಿ ಕೊಡ್ಬಹುದು, ಬೇರೆ ಕಡೆ ಆ ಚಿತ್ರ ಅಪ್‌ಲೋಡ್ ಮಾಡಿ "ಇದೇ ಬಣ್ಣ, ಇದೇ ಬ್ರಷ್, ದೃಶ್ಯ ಮಾತ್ರ ಬೇರೆ" ಅಂತ ಹೇಳಿದ್ರೆ ಸಾಕು.